ಪಾಸ್ತಾಕ್ಕೂ ಒಂದು ಹದ
ಕುಂಬ್ರದ ಕಡೆಯ ಮನೆಗಳಲ್ಲಿ ಒತ್ತುಶ್ಯಾವಿಗೆಯ ಹದ ಹೇಳಿಕೊಡಬೇಕಾಗಿಲ್ಲ: ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿಯೇ ಒತ್ತಬೇಕು, ಆರಿದರೆ ಮಣೆ ಜಗ್ಗುವುದಿಲ್ಲ. ಇಷ್ಟು ಬಲ್ಲವರೂ ಪಾಸ್ತಾವನ್ನು ಮಾತ್ರ ಕುಚ್ಚಲಕ್ಕಿ ಗಂಜಿಯಂತೆ ಬೇಯಿಸಿ ಮುದ್ದೆ ಮಾಡುತ್ತಾರೆ. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, ಸುಮಾರು 10 ಗ್ರಾಂ ಉಪ್ಪು. ನೀರು ಕೊತಕೊತ ಕುದಿದ ಮೇಲೆಯೇ ಪಾಸ್ತಾ ಹಾಕಿ. ಎಣ್ಣೆ ಬೇಡ, ಅದು ಸುಮ್ಮನೆ ಮೇಲೆ ತೇಲುತ್ತದೆ. ಅಂಟದಂತೆ ಕಾಯುವುದು ಸೌಟು. ಪೊಟ್ಟಣದಲ್ಲಿ ಬರೆದ ಹೊತ್ತಿಗಿಂತ ಒಂದು ನಿಮಿಷ ಮೊದಲೇ ಕಚ್ಚಿ ನೋಡಿ. ನಡುವೆ ತುಸು ಗಟ್ಟಿಯಿರಲಿ, ಉಳಿದದ್ದು ಸಾಸ್‌ನಲ್ಲಿ ಬೇಯುತ್ತದೆ. ಬಸಿದ ನೀರು ಒಂದು ಲೋಟ ಎತ್ತಿಡಿ; ಅದರ ಪಿಷ್ಟವೇ ಸಾಸನ್ನು ಪಾಸ್ತಾಕ್ಕೆ ಹಿಡಿಸುವುದು. ತಣ್ಣೀರಲ್ಲಿ ತೊಳೆದಿರೋ, ಅದೂ ಹೋಯಿತು. ಶ್ಯಾವಿಗೆಯಂತೆ ಇದಕ್ಕೂ ಕಾಯಿಹಾಲು ಹಾಕಬಹುದೇ? ಬೆಲ್ಲವೊಂದನ್ನು ಬಿಟ್ಟು ಧಾರಾಳವಾಗಿ ಹಾಕಿ, ಇಟಲಿಯವರು ಕೇಳಲು ಬರುವುದಿಲ್ಲ.