ಭಾನುವಾರದ ಪೆರೋಲ್

ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ, ಒಬ್ಬಟ್ಟಿನ ಬುಟ್ಟಿ ಹತ್ತಿರ ಬರುತ್ತಿದ್ದಂತೆ ಎಲೆಗೆ ಎರಡೂ ಕೈ ಅಡ್ಡ ಹಿಡಿದ. ಬಡಿಸುತ್ತಿದ್ದವರು ಮದುಮಗಳ ಸೋದರಮಾವ. ‘ಒಂದೇ ಒಂದು ಹಾಕಿಸ್ಕೊಳ್ಳಪ್ಪಾ, ತುಪ್ಪ ಬೇಡ ಅಂದ್ರೆ ಬಿಡು’ ಎಂದರು. ‘ಇಲ್ಲ ಅಂಕಲ್, ಇವತ್ತು ಗುರುವಾರ, ಆಗಲ್ಲ’ ಎಂದ ಹುಡುಗ. ‘ಓಹೋ, ರಾಯರ ವಾರವಾ’ ಎಂದು ಅವರು ಗೌರವದಿಂದಲೇ ಮುಂದಕ್ಕೆ ಹೋದರು. ವಿಷಯ ರಾಯರದ್ದಲ್ಲ. ಅವನ ಚೀಟ್ ಡೇ ಇದ್ದದ್ದು ಭಾನುವಾರ. ಭಾನುವಾರ ಏನು ತಿನ್ನುತ್ತೀ ಎಂದು ಕೇಳಿದೆ. ಬೆಳಗಿನ ಜಾವ ಹೊಸಕೋಟೆಗೆ ಹೋಗಿ ಕ್ಯೂ ನಿಂತು ಬಿರಿಯಾನಿ, ಮಧ್ಯಾಹ್ನ ಪಿಜ್ಜಾ, ಸಂಜೆ ಬಿಯರು, ಮಲಗುವ ಮುಂಚೆ ಐಸ್‌ಕ್ರೀಂ. ‘ಆರು ದಿನ ಕಟ್ಟುನಿಟ್ಟು, ಏಳನೇ ದಿನ ಫುಲ್ ಫ್ರೀ. ಜಿಮ್‌ನಲ್ಲಿ ಟ್ರೈನರೇ ಹೇಳಿದ್ದು ಸಾರ್.’

ಟ್ರೈನರು ಹೇಳಿದ್ದು ತಪ್ಪು. ಪಥ್ಯದಲ್ಲಿರುವವರು ನಡುನಡುವೆ ಒಂದು ಒಳ್ಳೆಯ ಊಟ ಮಾಡಬಹುದು, ಮಾಡಲೇಬೇಕು. ಆದರೆ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಬಾಯಿಗೆ ಲಗಾಮಿಲ್ಲದೆ ತಿನ್ನುವ ಪದ್ಧತಿಯಿಂದ ತೂಕವೂ ಅಷ್ಟಾಗಿ ಇಳಿಯುವುದಿಲ್ಲ, ತಿಂದ ಸುಖವೂ ಸಿಗುವುದಿಲ್ಲ. ಭಾನುವಾರದ ಪೆರೋಲ್ ಇಲ್ಲದೆ ಬದುಕಲಾಗದು ಅನ್ನಿಸುತ್ತಿದ್ದರೆ, ಉಳಿದ ಆರು ದಿನವನ್ನು ನಾವೇ ಸೆರೆಮನೆ ಮಾಡಿಕೊಂಡಿದ್ದೇವೆ ಎಂದರ್ಥ. ಸರಿಪಡಿಸಬೇಕಾದದ್ದು ಆ ಆರು ದಿನವನ್ನು.

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ದೇಹದಾರ್ಢ್ಯದ ಲೋಕದಲ್ಲಿ. 1999ರಲ್ಲಿ ಬಂದ ಬಿಲ್ ಫಿಲಿಪ್ಸ್ ಅವರ ‘ಬಾಡಿ ಫಾರ್ ಲೈಫ್’ ವಾರಕ್ಕೊಂದು ದಿನ ಬಿಡುವು ಕೊಟ್ಟಿತು. 2010ರಲ್ಲಿ ಟಿಮ್ ಫೆರಿಸ್ ‘ದಿ ಫೋರ್ ಅವರ್ ಬಾಡಿ’ಯಲ್ಲಿ ಶನಿವಾರವನ್ನೇ ಆ ದಿನ ಮಾಡಿದರು. ಆಮೇಲೆ ಡ್ವೇನ್ ಜಾನ್ಸನ್‌ರಂಥ ನಟರು ತಟ್ಟೆಯೆತ್ತರದ ಪ್ಯಾನ್‌ಕೇಕುಗಳ ಚಿತ್ರ ಹಾಕತೊಡಗಿದರು. ದಿನಕ್ಕೆ ಗಂಟೆಗಟ್ಟಲೆ ಕಬ್ಬಿಣ ಎತ್ತುವ ದೇಹಕ್ಕೆ ಹೊಂದಿದ್ದು, ದಿನವಿಡೀ ಕುರ್ಚಿಯಲ್ಲಿ ಕೂತು ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಮನೆಗೆ ಬರುವ ದೇಹಕ್ಕೂ ಹೊಂದುತ್ತದೆ ಎಂದು ಯಾರು ತೀರ್ಮಾನಿಸಿದರೋ!

ಮೊದಲು ಲೆಕ್ಕ ನೋಡೋಣ, ಲೆಕ್ಕ ಸುಲಭ. ದಿನಕ್ಕೆ 2200 ಕ್ಯಾಲೊರಿ ಬೇಕಾದವನು 1700 ತಿಂದರೆ ದಿನಕ್ಕೆ 500 ಉಳಿಯಿತು, ಆರು ದಿನಕ್ಕೆ 3000. ಏಳನೇ ದಿನ ಅವನು ಬೇಕಾದದ್ದಕ್ಕಿಂತ 2000 ಹೆಚ್ಚು ತಿಂದ ಎನ್ನಿ. ಅದೇನೂ ಸಾಹಸವಲ್ಲ: ಒಂದು ದೊಡ್ಡ ಚಮಚ ತುಪ್ಪದಲ್ಲೇ 120ರ ಹತ್ತಿರ ಕ್ಯಾಲೊರಿ ಇದೆ, ಬಿರಿಯಾನಿ, ಚೀಸು, ಬಿಯರು, ಐಸ್‌ಕ್ರೀಂ ಸೇರಿದರೆ ರಾತ್ರಿಯೊಳಗೆ ಅಷ್ಟಾಗುತ್ತದೆ. ವಾರದ ಕೊನೆಗೆ ಉಳಿದದ್ದು 1000. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂಬ ಸ್ಥೂಲ ಲೆಕ್ಕ ಹಿಡಿದರೆ ಕರಗಿದ್ದು 130 ಗ್ರಾಂ. ಆರು ದಿನ ಹಸಿದು, ಆರು ದಿನ ಮನೆಯವರ ಮೇಲೆ ಸಿಡುಕಿ, ಮದುವೆಯ ಒಬ್ಬಟ್ಟು ಬಿಟ್ಟು, ಸಂಪಾದಿಸಿದ್ದು 130 ಗ್ರಾಂ.

ಸೋಮವಾರ ಬೆಳಗ್ಗೆ ತೂಕದ ಯಂತ್ರ ಒಂದೂವರೆ ಕಿಲೋ ಹೆಚ್ಚು ತೋರಿಸುತ್ತದೆ. ಅದರಲ್ಲಿ ಬಹುಪಾಲು ನೀರು. ಪಿಷ್ಟ ತಿಂದಾಗ ದೇಹ ಅದನ್ನು ಗ್ಲೈಕೋಜನ್ ಮಾಡಿ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಉಪ್ಪು ಹೆಚ್ಚಾದರೆ ಇನ್ನಷ್ಟು. ಎರಡು ಮೂರು ದಿನದಲ್ಲಿ ತಾನೇ ಇಳಿದುಹೋಗುವ ಭಾರ ಅದು. ಆದರೆ ಯಂತ್ರದ ಮೇಲೆ ನಿಂತವನು ಇದನ್ನೆಲ್ಲ ಯೋಚಿಸುತ್ತಾನೆಯೇ? ಗಾಬರಿಬಿದ್ದು ಸೋಮವಾರ ಪೂರ್ತಿ ಸೌತೆಕಾಯಿ ತಿನ್ನುತ್ತಾನೆ, ಬುಧವಾರದ ಹೊತ್ತಿಗೆ ಕಣ್ಣು ಮಂಜಾಗಿ ಭಾನುವಾರವನ್ನೇ ಜಪಿಸುತ್ತಾನೆ.

ಈ ಜಪ ದುರ್ಬಲ ಮನಸ್ಸಿನ ಲಕ್ಷಣವಲ್ಲ. ಎರಡನೇ ಮಹಾಯುದ್ಧದ ಕೊನೆಯ ಹಂತದಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಯುದ್ಧ ಮಾಡುವುದಿಲ್ಲ ಎಂದು ಮನಸ್ಸಾಕ್ಷಿಯಿಂದ ನಿರಾಕರಿಸಿ, ಅದರ ಬದಲು ಸ್ವಂತ ಇಚ್ಛೆಯಿಂದ ಈ ಕಷ್ಟಕ್ಕೆ ಒಪ್ಪಿಕೊಂಡವರು ಅವರು. ಸಂಕಲ್ಪದ ಕೊರತೆ ಇದ್ದವರಲ್ಲ. ಅಂಥವರೂ ದಿನವೆಲ್ಲ ಊಟದ ಮಾತೇ ಆಡಿದರು, ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದಿದರು. ನಿರ್ಬಂಧ ತೆಗೆದಾಗ ಹೊಟ್ಟೆ ಬಿರಿಯುವಷ್ಟು ತಿಂದೂ ಹಸಿವು ಹಿಂಗಲಿಲ್ಲ ಎಂದರು. ಪಥ್ಯ ಎಷ್ಟು ಕ್ರೂರವಾಗಿರುತ್ತದೋ ಬಿಡುವಿನ ದಿನ ಅಷ್ಟೇ ಹಿಡಿತ ತಪ್ಪುತ್ತದೆ.

ಬಿಡುವು ಸಿಕ್ಕ ಮನಸ್ಸು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದಕ್ಕೆ 1975ರ ಇನ್ನೊಂದು ಪ್ರಯೋಗವಿದೆ. ಹರ್ಮನ್ ಮತ್ತು ಮ್ಯಾಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿ, ಕೆಲವರಿಗೆ ಕುಡಿಸದೆ, ಆಮೇಲೆ ರುಚಿ ನೋಡುವ ನೆಪದಲ್ಲಿ ಎಲ್ಲರ ಮುಂದೆಯೂ ಐಸ್‌ಕ್ರೀಂ ಇಟ್ಟರು. ಸಾಮಾನ್ಯವಾಗಿ ಉಣ್ಣುವ ಹುಡುಗಿಯರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಂ ಕಡಿಮೆ ತಿಂದರು. ಹೊಟ್ಟೆ ತುಂಬಿತ್ತು, ಸಾಕೆಂದರು. ಸದಾ ಅಳತೆಯಲ್ಲಿ ತಿನ್ನುವ ಹುಡುಗಿಯರದ್ದು ಉಲ್ಟಾ. ಮಿಲ್ಕ್‌ಶೇಕ್ ಕುಡಿದ ಮೇಲೆ ಅವರು ಹೆಚ್ಚು ತಿಂದರು. ಹೇಗೂ ಇವತ್ತಿನ ಕಟ್ಟು ಮುರಿಯಿತು, ಇನ್ನೇನು ಬಿಡುವುದು? ಚೀಟ್ ಡೇ ಎಂದರೆ ಈ ‘ಹೇಗೂ ಮುರಿಯಿತು’ ಎಂಬ ಭಾವಕ್ಕೆ ವಾರಕ್ಕೊಮ್ಮೆ ಆಹ್ವಾನ ಪತ್ರಿಕೆ ಕಳಿಸುವುದು.

ಇದಕ್ಕೆ ಎದುರಾಗಿ ಹೇಳುವವರಲ್ಲಿ ಬುದ್ಧಿವಂತರೂ ಇದ್ದಾರೆ. ಮುಂಚೆಯೇ ಗೊತ್ತುಮಾಡಿಕೊಂಡ ಬಿಡುವೇ ಬೇರೆ, ಜಾರಿಬೀಳುವುದೇ ಬೇರೆ ಎನ್ನುವುದು ಅವರ ವಾದ. ಮಿಲ್ಕ್‌ಶೇಕ್ ಪ್ರಯೋಗದ ಹುಡುಗಿಯರಿಗೆ ಕಟ್ಟು ಮುರಿಯಿತು. ಗೊತ್ತುಮಾಡಿಕೊಂಡವನಿಗೆ ಮುರಿಯುವುದಿಲ್ಲ, ಅದು ಕಟ್ಟಿನ ಒಳಗೇ ಇದೆ. 2016ರಲ್ಲಿ ಪೋರ್ಚುಗಲ್, ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನೇ ಪರೀಕ್ಷಿಸಿ, ಯೋಜಿತ ಬಿಡುವಿದ್ದವರಿಗೆ ಪಥ್ಯ ಮುಂದುವರಿಸುವ ಉತ್ಸಾಹ ಹೆಚ್ಚಿತ್ತು ಎಂದು ಬರೆದರು. ಆಸ್ಟ್ರೇಲಿಯಾದಿಂದ ಬಂದ 2017ರ ಅಧ್ಯಯನ ಇನ್ನೂ ಬಲವಾದದ್ದು. ಸ್ಥೂಲಕಾಯದ ಗಂಡಸರಲ್ಲಿ ಒಂದು ಗುಂಪು 16 ವಾರ ಬಿಡದೆ ಪಥ್ಯ ಮಾಡಿತು. ಇನ್ನೊಂದು ಗುಂಪು ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂದು ಅಷ್ಟೇ ಪಥ್ಯವನ್ನು 30 ವಾರಕ್ಕೆ ಹಂಚಿಕೊಂಡಿತು. ಬಿಡುವು ಪಡೆದವರ ತೂಕ ಸರಾಸರಿ 14 ಕಿಲೋ ಇಳಿಯಿತು, ಬಿಡದೆ ಮಾಡಿದವರದ್ದು 9.

ಈ ಅಂಕಿಯನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಎರಡು ವಾರಗಳ ಬಿಡುವಿನಲ್ಲಿ ಅವರು ತಿಂದದ್ದೇನು? ತೂಕ ಏರದೆ ಇಳಿಯದೆ ನಿಲ್ಲಲು ಎಷ್ಟು ಬೇಕೋ ಅಷ್ಟು, ಅಳೆದು. ಕ್ಯೂ ನಿಂತ ಬಿರಿಯಾನಿಯಲ್ಲ, ಬಾಟಲಿಗಟ್ಟಲೆ ಬಿಯರಲ್ಲ. ಹೊಟ್ಟೆ ತುಂಬ ಸಾಧಾರಣ ಊಟ. ಈ ಅಧ್ಯಯನ ಹೇಳುವುದು ದೇಹಕ್ಕೆ ಆಗಾಗ ಹಸಿವಿನಿಂದ ವಿರಾಮ ಬೇಕು ಎಂದು. ಅದನ್ನು ಭಾನುವಾರದ ಭೂರಿಭೋಜನಕ್ಕೆ ಸಾಕ್ಷಿ ಮಾಡಿಕೊಳ್ಳುವುದು ವಕೀಲಿಕೆ.

ವಾರಕ್ಕೊಮ್ಮೆ ಭರ್ಜರಿಯಾಗಿ ತಿಂದರೆ ಹಸಿವಿನ ಹಾರ್ಮೋನು ಸರಿಹೋಗುತ್ತದೆ ಎಂಬ ವಾದದಲ್ಲೂ ಒಂದು ಹಿಡಿ ಸತ್ಯವಿದೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿದ ಲೆಪ್ಟಿನ್, ಕೊಬ್ಬಿನ ದಾಸ್ತಾನು ಎಷ್ಟಿದೆ ಎಂದು ಮಿದುಳಿಗೆ ವರದಿ ಒಪ್ಪಿಸುತ್ತದೆ. ಪಥ್ಯದಲ್ಲಿ ಅದು ಕುಸಿಯುತ್ತದೆ, ಹಸಿವು ಏರುತ್ತದೆ. ಪಿಷ್ಟ ಹೆಚ್ಚು ತಿಂದರೆ ಸ್ವಲ್ಪ ಏರಿ, ಪಥ್ಯಕ್ಕೆ ಮರಳುತ್ತಿದ್ದಂತೆ ಮತ್ತೆ ಇಳಿಯುತ್ತದೆ. ಆ ಸ್ವಲ್ಪದಿಂದ ಎರಡು ಸಾವಿರ ಕ್ಯಾಲೊರಿಯ ಬಾಕಿ ತೀರುವುದಿಲ್ಲ. ಇನ್ನು ‘ಮೆಟಬಾಲಿಸಂಗೆ ಶಾಕ್ ಕೊಡಬೇಕು’ ಎನ್ನುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ನನ್ನ ಪರವಾದ ಸಾಕ್ಷಿಯೂ ಪೂರ್ಣವಲ್ಲ. ಇಳಿಸಿದ ತೂಕವನ್ನು ಉಳಿಸಿಕೊಂಡವರ ವಿವರಗಳನ್ನು ಅಮೆರಿಕದಲ್ಲಿ 1994ರಿಂದ ಒಂದು ರಾಷ್ಟ್ರೀಯ ದಾಖಲೆಯಲ್ಲಿ ಸಂಗ್ರಹಿಸುತ್ತಿದ್ದಾರೆ. ಅದನ್ನಾಧರಿಸಿದ 2004ರ ಅಧ್ಯಯನದಲ್ಲಿ, ವಾರದ ದಿನವೂ ವಾರಾಂತ್ಯವೂ ಹೆಚ್ಚುಕಮ್ಮಿ ಒಂದೇ ಥರ ಉಂಡವರು ತೂಕ ಉಳಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಒಂದೂವರೆ ಪಟ್ಟು ಇತ್ತು. ಒಂದೇ ಥರ ಉಂಡದ್ದರಿಂದಲೇ ಉಳಿಯಿತೋ, ಅಂಥ ಸ್ವಭಾವದವರು ಹೇಗೂ ಉಳಿಸಿಕೊಳ್ಳುತ್ತಿದ್ದರೋ, ಅದರಿಂದ ಹೇಳಲಾಗದು. ಆದರೂ ಎದುರುಗಡೆಯ ಪಂಡಿತರ ಉತ್ಸಾಹಕ್ಕಿಂತ ತೂಕ ಉಳಿಸಿಕೊಂಡವರ ರೂಢಿಯ ಮೇಲೆ ನನಗೆ ನಂಬಿಕೆ ಹೆಚ್ಚು.

‘ಹಾಗಾದರೆ ನಮ್ಮ ಹಬ್ಬಗಳೇನು? ಏಕಾದಶಿ ಉಪವಾಸ, ದ್ವಾದಶಿ ಊಟ ಇದೇ ತಾನೆ?’ ಎಂದು ಕೇಳುವವರಿದ್ದಾರೆ. ಅಲ್ಲ. ಏಕಾದಶಿಯನ್ನು ಕಟ್ಟಾಗಿ ಮಾಡುವ ಮನೆಗಳಲ್ಲಿ ಅದು ಒಂದು ದಿನದ ಕೆಲಸವಲ್ಲ. ದಶಮಿಯಂದು ಒಂದೇ ಹೊತ್ತು ಊಟ, ಏಕಾದಶಿ ನಿರಾಹಾರ, ದ್ವಾದಶಿ ಬೆಳಗ್ಗೆ ಬೇಗ ಪಾರಣೆ. ಆ ಪಾರಣೆಯ ಎಲೆಯಲ್ಲಿ ಏನಿರುತ್ತದೆ? ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ. ಹಸಿದ ಹೊಟ್ಟೆಗೆ ಮೊದಲು ಕಹಿ-ಒಗರು-ಹುಳಿ, ಕರಿದದ್ದಲ್ಲ. ಚಾತುರ್ಮಾಸ್ಯ ಇನ್ನೂ ಸ್ವಾರಸ್ಯದ್ದು: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ನಾಲ್ಕು ತಿಂಗಳು ಬಿಡುತ್ತಲೇ ಇರುತ್ತಾರೆ, ಏಕಾದಶಿ ಬಿಟ್ಟರೆ ಒಂದು ದಿನವೂ ಹಸಿದಿರುವುದಿಲ್ಲ. ಬಿಟ್ಟದ್ದರ ಜಾಗದಲ್ಲಿ ಬೇರೆ ಅಡುಗೆ ಹುಟ್ಟುತ್ತದೆ, ಮತ್ತು ಇಡೀ ಮನೆ ಒಟ್ಟಿಗೆ ಉಣ್ಣುತ್ತದೆ. ಏಕಾದಶಿಯ ಹೆಸರಿನಲ್ಲಿ ತುಪ್ಪದ ಉಪ್ಪಿಟ್ಟು, ಸಬ್ಬಕ್ಕಿ ಕಿಚಡಿ, ಅವಲಕ್ಕಿ, ಬಾಳೆಹಣ್ಣಿನ ರಸಾಯನ ಎಲ್ಲ ಬಾರಿಸಿ ‘ಇವತ್ತು ಉಪವಾಸ’ ಎನ್ನುವವರೂ ಇದ್ದಾರೆ. ಚೀಟ್ ಡೇಯನ್ನು ಅಮೆರಿಕದವರಿಗಿಂತ ಮುಂಚೆ ಕಂಡುಹಿಡಿದವರು ಅವರೇ ಇರಬೇಕು.

ಇದನ್ನು ಹಳೆಯದರ ಹೊಗಳಿಕೆಗೆ ಹೇಳುತ್ತಿಲ್ಲ. ಆ ವ್ರತಗಳ ಕಟ್ಟು ಯಾರ ಮೇಲೆ ಗಟ್ಟಿಯಾಗಿ ಬಿದ್ದಿತ್ತು ಎಂಬುದು ಗೊತ್ತಿದ್ದದ್ದೇ: ಜೀವಮಾನವಿಡೀ ಒಪ್ಪೊತ್ತು ಉಂಡ ಮಡಿ ಹೆಂಗಸರನ್ನು ಆ ಉಪವಾಸ ನಿನಗೆ ಬೇಕೇ ಎಂದು ಯಾರೂ ಕೇಳಲಿಲ್ಲ. ಈಗಿನ ಡಯಟ್ಟಿನಲ್ಲೂ ಕೆಲಸ ಬೀಳುವುದು ಅಡುಗೆಮನೆಯಲ್ಲಿರುವವಳ ಮೇಲೆ. ಗಂಡನಿಗೆ ಬೇಯಿಸಿದ ಕೋಳಿ ಎದೆ, ಓಟ್ಸ್, ಮಕ್ಕಳಿಗೆ ಚಪಾತಿ, ಮಾವನಿಗೆ ಮುದ್ದೆ ಸೊಪ್ಪಿನಸಾರು, ಭಾನುವಾರ ಮತ್ತೆ ಗಂಡನ ಚೀಟ್ ಡೇಗೆ ಮಟನ್ನು. ಅವಳಿಗೆ ಬಿಡುವಿನ ದಿನ ಯಾವುದು? ಸ್ನಾಯು ತೋರಿಸಿ ಫೋಟೊ ಹಾಕುವವರು ಆ ಪಾತ್ರೆಗಳನ್ನೂ ಒಂದು ಫೋಟೊ ತೆಗೆದು ಹಾಕಲಿ.

ಹಬ್ಬಕ್ಕೂ ಚೀಟ್ ಡೇಗೂ ಇರುವ ವ್ಯತ್ಯಾಸ ಇಷ್ಟೆ: ಹಬ್ಬ ನನ್ನ ಹಸಿವಿನ ಮಾತು ಕೇಳಿ ಬರುವುದಿಲ್ಲ. ಯುಗಾದಿ ಬಂದಾಗ ಒಬ್ಬಟ್ಟು, ಗಣೇಶ ಬಂದಾಗ ಕಡುಬು, ತಂಗಿ ಊರಿಂದ ಬಂದಾಗ ಅವಳಿಗಿಷ್ಟದ ಅಡುಗೆ. ಎಲ್ಲರ ಜೊತೆ ಕೂತು ಉಣ್ಣುವಾಗ ಎಲ್ಲರೂ ಏಳುವ ಹೊತ್ತಿಗೆ ನಾವೂ ಏಳುತ್ತೇವೆ. ಮುಂದಿನ ಹೊತ್ತಿಗೆ ಮನೆಯಲ್ಲಿ ಸಾರು ಅನ್ನ. ಅದು ಒಂದು ಊಟ, ಒಂದು ದಿನವಲ್ಲ.

ಆದರೆ ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ. ಹಬ್ಬಕ್ಕೆ ಮಾತ್ರ ಅನ್ನ ಕಂಡ, ಉಳಿದ ದಿನ ಮುದ್ದೆ ಉಂಡು ಹೊಲದಲ್ಲಿ ದುಡಿದ ಜನರಿಗೆ ಮಾಡಿದ ಪಂಚಾಂಗ ಅದು. ಈಗ ಆಫೀಸಿನಲ್ಲಿ ವಾರಕ್ಕೆರಡು ಹುಟ್ಟುಹಬ್ಬದ ಕೇಕು, ತಿಂಗಳಿಗೆ ನಾಲ್ಕು ರಿಸೆಪ್ಷನ್ನು, ಬೆರಳು ತಾಗಿಸಿದರೆ ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುವ ಬೆಣ್ಣೆ ದೋಸೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಇಂಥ ಕಾಲದಲ್ಲಿ ‘ಸಂದರ್ಭ ಬಂದಾಗ ತಿನ್ನಿ’ ಎಂದರೆ ದಿನವೂ ಸಂದರ್ಭವೇ. ಈ ಮಾತನ್ನು ಒಪ್ಪಲೇಬೇಕು. ಆದ್ದರಿಂದ ಸಂದರ್ಭಗಳಲ್ಲೂ ಆರಿಸಬೇಕಾಗುತ್ತದೆ. ಹೆಸರೂ ಸರಿಯಾಗಿ ಗೊತ್ತಿಲ್ಲದ ಸಹೋದ್ಯೋಗಿಯ ಕೇಕನ್ನು ಬಿಡಬಹುದು, ಸೋದರಮಾವ ಬಡಿಸುವ ಒಬ್ಬಟ್ಟನ್ನು ಬಿಡಬಾರದು. ಆ ವಿವೇಚನೆ ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ಗೆರೆ ಎಳೆಯುವುದಕ್ಕಿಂತ ಕಷ್ಟ ನಿಜ. ಜಿಮ್ಮಿನವರಿಗೆ ಗೆರೆಯೇ ಇಷ್ಟವಾಗುವುದು ಅದಕ್ಕೇ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ತಿನ್ನಲು ಕೂತರೆ ನಿಲ್ಲಿಸಲಾಗದೆ ಆಮೇಲೆ ಸಂಕಟಪಡುವವರು ನನ್ನ ಮಾತನ್ನೂ ಕೇಳಬೇಕಿಲ್ಲ, ಟ್ರೈನರ ಮಾತನ್ನೂ ಕೇಳಬೇಕಿಲ್ಲ. ಅವರು ಕೇಳಬೇಕಾದದ್ದು ವೈದ್ಯರನ್ನು.

ಉಳಿದಂತೆ ನನ್ನ ಕೋರಿಕೆ ಡಯಟ್ ಚಾರ್ಟ್ ಬರೆದುಕೊಡುವವರಲ್ಲಿ. ಎದುರಿಗೆ ಕೂತವರ ಎತ್ತರ ತೂಕ ಕೇಳುವ ಮುಂಚೆ, ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ದಿನಾ ಏನು ಮಾಡುತ್ತಾರೆ, ಯಾವ ಹಬ್ಬಕ್ಕೆ ಏನು ಮಾಡುತ್ತಾರೆ ಎಂದು ಕೇಳಿ. ಕ್ವಿನೋವಾ ಬದಲು ಚಿಕ್ಕ ಮುದ್ದೆ, ಬಸ್ಸಾರು, ಕಾಳಿನ ಪಲ್ಯ, ಮಜ್ಜಿಗೆ ಬರೆಯಿರಿ. ದಿನಕ್ಕೆ ಐನೂರು ಕಡಿಮೆ ಮಾಡಿ ಹಸಿವಿಗೆ ತಳ್ಳುವ ಬದಲು ಮುನ್ನೂರು ಕಡಿಮೆ ಮಾಡಿ, ತಿಂಗಳು ಹೆಚ್ಚು ಕೊಡಿ. ಯುಗಾದಿಯ ಒಬ್ಬಟ್ಟನ್ನು ಚಾರ್ಟಿನ ಒಳಗೇ, ಎಷ್ಟು ಎಂದು ಹೇಳಿ, ಬರೆದುಬಿಡಿ.