ಒಂದು ಗಡ್ಡದಿಂದ ಶುರು ಮಾಡಿ

‘ವಾರ್‌ಹ್ಯಾಮರ್ ಕಥೆ ಎಲ್ಲಿಂದ ಶುರು ಮಾಡಬೇಕು?’ ಅಂತ ಯಾರನ್ನಾದರೂ ಕೇಳಿ ನೋಡಿ. ಉತ್ತರದ ಬದಲು ಒಂದು ಪಟ್ಟಿ ಬರುತ್ತೆ. ಮೊದಲು ಈ ಹತ್ತು ಕಾದಂಬರಿ, ಆಮೇಲೆ ಆ ನಿಯಮ ಪುಸ್ತಕಗಳು, ನಡುವೆ ಮೂರು ಗಂಟೆಯ ವಿಡಿಯೊ, ಕೊನೆಗೆ ಇಸವಿಗಳ ಉದ್ದನೆಯ ಕೋಷ್ಟಕ. ಆಫೀಸ್ ಮುಗಿಸಿ, ಮೆಟ್ರೊದಲ್ಲಿ ನಿಂತುಕೊಂಡೇ ಮನೆಗೆ ಬಂದು, ಊಟ ಆದಮೇಲೆ ಅರ್ಧ ಗಂಟೆ ಫೋನ್ ಹಿಡಿಯುವವರಿಗೆ ಆ ಪಟ್ಟಿ ಓದುವಷ್ಟರಲ್ಲೇ ನಿದ್ದೆ ಬಂದಿರುತ್ತೆ.

ನಾನೂ ಹಾಗೇ ಸೋತವನು. ಒಂದು ಶನಿವಾರ ರಾತ್ರಿ ‘ಎಲ್ಲಾ ತಿಳ್ಕೊಂಡೇ ಬಿಡೋಣ’ ಅಂತ ಕೂತೆ. ಒಂದು ಹೆಸರು ಒತ್ತಿದರೆ ಇನ್ನೊಂದು ಹೆಸರು, ಅದನ್ನು ಒತ್ತಿದರೆ ಒಂದು ಯುದ್ಧ, ಆ ಯುದ್ಧದೊಳಗೆ ಐದು ರಾಜರು. ರಾತ್ರಿ ಒಂದು ಗಂಟೆ ಹೊತ್ತಿಗೆ ಫೋನ್‌ನಲ್ಲಿ ಇಪ್ಪತ್ತು ಪುಟ ತೆರೆದಿದ್ದವು, ತಲೆಯಲ್ಲಿ ಒಂದು ಹೆಸರೂ ಉಳಿದಿರಲಿಲ್ಲ. ಬಿಟ್ಟುಬಿಟ್ಟೆ. ಮತ್ತೆ ಆ ಕಡೆ ತಲೆಹಾಕಿದ್ದು ವರ್ಷದ ಮೇಲೆ, ಅದೂ ಒಂದು ಗಡ್ಡದ ಕಥೆ ಕೇಳಿ. ಗಡ್ಡದ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಎಲ್ಲರೂ ಎಡವುವ ಕಡೆ ಒಂದು ದೀಪ ಹಚ್ಚಿಬಿಡೋಣ.

ಒಂದೇ ಹೆಸರು, ಮೂರು ಲೋಕ

ವಾರ್‌ಹ್ಯಾಮರ್ ಅಂದರೆ ಒಂದು ಲೋಕ ಅಲ್ಲ, ಮೂರು.

ಮೊದಲನೆಯದು 1983ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಹಳೆಯ ಫ್ಯಾಂಟಸಿ ಲೋಕ. ಕತ್ತಿ, ಕುದುರೆ, ಮಾಂತ್ರಿಕರು, ಕೋಟೆಗಳು. ಅಭಿಮಾನಿಗಳು ಅದನ್ನು ‘ಓಲ್ಡ್ ವರ್ಲ್ಡ್’ ಅಂತಲೇ ಕರೆಯುತ್ತಾರೆ. ಎರಡನೆಯದು 1987ರಲ್ಲಿ ಬಂದ ‘ವಾರ್‌ಹ್ಯಾಮರ್ 40,000’. ಅದು ದೂರದ ಭವಿಷ್ಯದ, ಬಾಹ್ಯಾಕಾಶದ ಕಥೆ. ರೀಲ್ಸ್‌ನಲ್ಲಿ ದೊಡ್ಡ ದೊಡ್ಡ ಭುಜದ ಕವಚ ಹಾಕಿಕೊಂಡ ಸೈನಿಕರನ್ನು ನೋಡಿದ್ದರೆ, ಅವರು ಅಲ್ಲಿಯವರು. ಮೂರನೆಯದು 2015ರ ‘ಏಜ್ ಆಫ್ ಸಿಗ್ಮಾರ್’. ಮೊದಲ ಲೋಕ ನಾಶವಾದಮೇಲೆ ಹುಟ್ಟಿದ, ಎಂಟು ಮಾಂತ್ರಿಕ ಸೀಮೆಗಳ ಲೋಕ.

ಮೂರನ್ನೂ ನಡೆಸುವುದು ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ. ನಾವು ಇವತ್ತು ಹಿಡಿಯುವುದು ಮೊದಲನೆಯದನ್ನು ಮಾತ್ರ. ಬಾಕಿ ಎರಡನ್ನು ಸದ್ಯಕ್ಕೆ ಮರೆತುಬಿಡಿ, ಯಾರೂ ಪರೀಕ್ಷೆ ಇಡಲ್ಲ.

ಗೊಂಬೆ ಮೊದಲು, ಕಥೆ ಆಮೇಲೆ

ಇದು ಇಷ್ಟು ಯಾಕೆ ಬೆಳೀತು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತೆ. ಬ್ರಯನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್, ರಿಕ್ ಪ್ರೀಸ್ಟ್ಲಿ ಸೇರಿ ಈ ಆಟ ಬರೆದಾಗ ಆನ್ಸೆಲ್ ಸಿಟಾಡೆಲ್ ಅನ್ನುವ ಗೊಂಬೆ ತಯಾರಿಕೆಯ ಕಂಪನಿ ನಡೆಸುತ್ತಿದ್ದರು. ಬೆರಳುದ್ದದ ಲೋಹದ ಸೈನಿಕರು. ನಾಲ್ಕೈದು ಗೊಂಬೆ ಕೊಳ್ಳುವವರು ನಲವತ್ತು ಕೊಳ್ಳಬೇಕು ಅಂದರೆ, ಆ ನಲವತ್ತನ್ನು ಸಾಲಾಗಿ ನಿಲ್ಲಿಸಿ ಆಡುವಂಥ ಒಂದು ಯುದ್ಧದ ಆಟ ಬೇಕಿತ್ತು. ಟೇಪು ಹಿಡಿದು ದೂರ ಅಳೆಯೋದು, ದಾಳ ಹಾಕಿ ಏಟು ಬಿತ್ತೋ ಇಲ್ಲವೋ ನೋಡೋದು.

ಆಟ ಬಂತು. ಆಮೇಲೆ ಕೇಳಿದ ಪ್ರಶ್ನೆ: ಇವರು ಯಾಕೆ ಹೊಡೆದಾಡ್ತಿದ್ದಾರೆ? ಆ ‘ಯಾಕೆ’ಗೆ ಬರೆದ ಉತ್ತರಗಳೇ ಲೋರ್. ಪ್ರತಿ ಸೈನ್ಯಕ್ಕೂ ಒಂದು ಪುಸ್ತಕ, ಪ್ರತಿ ಪುಸ್ತಕದಲ್ಲೂ ಆ ಸೈನ್ಯದವರದ್ದೇ ನ್ಯಾಯ. ಅಂದರೆ ಇದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಕಾದಂಬರಿ ಅಲ್ಲ. ಒಂದು ದೊಡ್ಡ ಊರಿನ ಹಾಗೆ, ಯಾವ ಬೀದಿಯಿಂದ ಬೇಕಾದರೂ ಒಳಗೆ ಬರಬಹುದು.

ನಮಗೆ ಇದು ಹೊಸದೇನಲ್ಲ. ಮಹಾಭಾರತವನ್ನು ಆದಿಪರ್ವದ ಮೊದಲ ಶ್ಲೋಕದಿಂದ ಶುರು ಮಾಡಿದವರು ನಮ್ಮಲ್ಲಿ ಎಷ್ಟು ಜನ? ಅಜ್ಜಿ ಹೇಳಿದ ಬಕಾಸುರನ ಕಥೆ, ಬಯಲಾಟದಲ್ಲಿ ನಿದ್ದೆಗಣ್ಣಲ್ಲಿ ನೋಡಿದ ಅಭಿಮನ್ಯು. ಒಂದು ಕಥೆ ಹಿಡಿದುಕೊಂಡು ಒಳಗೆ ಹೋದೆವು, ವಂಶಾವಳಿ ತಾನಾಗಿಯೇ ಆಮೇಲೆ ಬಂತು.

ಈಗ ಆ ಗಡ್ಡ

ಓಲ್ಡ್ ವರ್ಲ್ಡ್‌ನಲ್ಲಿ ಬೆಟ್ಟದೊಳಗೆ ಕಲ್ಲು ಕೊರೆದು ಪಟ್ಟಣ ಕಟ್ಟಿಕೊಂಡ ಡ್ವಾರ್ಫ್‌ಗಳಿದ್ದಾರೆ, ಕುಳ್ಳರು. ಸಮುದ್ರದಾಚೆಯ ಅಲ್ಥುವಾನ್ ದ್ವೀಪದಲ್ಲಿ ಎಲ್ಫ್‌ಗಳಿದ್ದಾರೆ, ಸೊಗಸುಗಾರರು, ಸೊಕ್ಕಿನವರು. ಇಬ್ಬರಿಗೂ ಸ್ನೇಹ, ವ್ಯಾಪಾರ ಎಲ್ಲ ಚೆನ್ನಾಗಿತ್ತು.

ಒಮ್ಮೆ ಕುಳ್ಳರ ಸರಕಿನ ಗಾಡಿಗಳ ಮೇಲೆ ದಾಳಿ ಆಗುತ್ತೆ. ಮಾಡಿದವರು ಎಲ್ಫ್‌ಗಳ ದಾಯಾದಿಗಳಾದ ಡಾರ್ಕ್ ಎಲ್ಫ್‌ಗಳು, ಆದರೆ ವೇಷ ಹಾಕಿಕೊಂಡು ಬಂದಿರುತ್ತಾರೆ. ಕುಳ್ಳರಿಗೆ ಅದು ಗೊತ್ತಿಲ್ಲ. ಅವರ ದೊರೆ ಗೋಟ್ರೆಕ್ ಸ್ಟಾರ್‌ಬ್ರೇಕರ್ ‘ನಷ್ಟ ತುಂಬಿಕೊಡಿ’ ಅಂತ ರಾಯಭಾರಿಗಳನ್ನು ಕಳಿಸುತ್ತಾನೆ. ಎಲ್ಫ್‌ಗಳ ರಾಜ ಎರಡನೇ ಕಾಲೆಡಾರ್ ಏನು ಮಾಡಿದ ಗೊತ್ತಾ? ರಾಯಭಾರಿಗಳ ಗಡ್ಡ ಬೋಳಿಸಿ ವಾಪಸ್ ಕಳಿಸಿದ.

ಕುಳ್ಳರಿಗೆ ಗಡ್ಡ ಅಂದರೆ ವಯಸ್ಸು, ಮಾನ, ಕುಲ ಎಲ್ಲಾ. ತಮಗಾದ ಅನ್ಯಾಯವನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟು, ತೀರಿಸುವ ತನಕ ಹೊಡೆದುಹಾಕದ ಜನ ಅವರು. ಹಗೆಗಳ ಲೆಕ್ಕದ ಆ ಪುಸ್ತಕಕ್ಕೆ ಅವರ ಭಾಷೆಯಲ್ಲಿ ದಮ್ಮಾಜ್ ಕ್ರಾನ್ ಅಂತ ಹೆಸರು. ಗಡ್ಡವೂ ಅದರೊಳಗೆ ಹೋಯಿತು. ಯುದ್ಧ ಶತಮಾನಗಳ ಕಾಲ ನಡೀತು. ಕೊನೆಗೆ ಗೋಟ್ರೆಕ್ ಕಾಲೆಡಾರ್‌ನನ್ನು ಕೊಂದು ಅವನ ಕಿರೀಟವನ್ನೇ ಎತ್ತಿಕೊಂಡು ಹೋದ. ಆ ಕಿರೀಟ ವಾಪಸ್ ಬರಲೇ ಇಲ್ಲ.

ಈಗ ನೂಲು ಎಳೆಯಿರಿ. ದಾಯಾದಿಗಳು ಮನೆಗೇ ನುಗ್ಗಿದ್ದರಿಂದ ಎಲ್ಫ್‌ಗಳು ಸಮುದ್ರ ದಾಟಿ ಹಿಂದಿರುಗಿದರು. ಹೋಗಲು ಒಪ್ಪದ ಕೆಲವರು ಅಥೆಲ್ ಲೋರೆನ್ ಕಾಡು ಸೇರಿ ‘ವುಡ್ ಎಲ್ಫ್’ಗಳಾದರು. ಸೊರಗಿದ ಕುಳ್ಳರ ಒಂದೊಂದೇ ಪಟ್ಟಣವನ್ನು ಗಾಬ್ಲಿನ್‌ಗಳು ಕಿತ್ತುಕೊಂಡವು. ಎಲ್ಫ್‌ಗಳು ಬಿಟ್ಟುಹೋದ ನೆಲದಲ್ಲಿ ಬಹುಕಾಲದ ಮೇಲೆ ಮನುಷ್ಯರು ಬೆಳೆದರು. ಅವರಲ್ಲೊಬ್ಬ ಯುವಕ ಸಿಗ್ಮಾರ್, ಓರ್ಕ್‌ಗಳ ಕೈಗೆ ಸಿಕ್ಕಿದ್ದ ಕುಳ್ಳರ ರಾಜನೊಬ್ಬನನ್ನು ಬಿಡಿಸಿದ. ಉಡುಗೊರೆಯಾಗಿ ಒಂದು ಯುದ್ಧದ ಸುತ್ತಿಗೆ ಸಿಕ್ಕಿತು, ಹೆಸರು ಗಾಲ್ ಮರಾಜ್. ಅದನ್ನು ಹಿಡಿದು ಅವನು ಸಾಮ್ರಾಜ್ಯ ಕಟ್ಟಿದ. ‘ವಾರ್‌ಹ್ಯಾಮರ್’ ಅನ್ನೋ ಹೆಸರನ್ನು ಅಭಿಮಾನಿಗಳು ಆ ಸುತ್ತಿಗೆಗೇ ಜೋಡಿಸುತ್ತಾರೆ.

ಒಂದು ಗಡ್ಡ ಹಿಡಿದು ಎಳೆದರೆ ಐದು ಜನಾಂಗದ ಚರಿತ್ರೆ ಬಂತು ನೋಡಿ. ಇನ್ನೊಂದು ವಿಷಯ: ಕುಳ್ಳರು ಈ ಯುದ್ಧವನ್ನು ‘ಸೇಡಿನ ಯುದ್ಧ’ ಅನ್ನುತ್ತಾರೆ. ಎಲ್ಫ್‌ಗಳು ಮೂಗು ಮುರಿದು ‘ಗಡ್ಡದ ಯುದ್ಧ’ ಅನ್ನುತ್ತಾರೆ. ನೀವು ಯಾವ ಹೆಸರು ಬಳಸುತ್ತೀರೋ, ಆ ಕಡೆ ಸೇರಿದ ಹಾಗೆ.

ನಿಮ್ಮ ಬೀದಿ ಯಾವುದು?

ಗಡ್ಡ ಹಿಡಿಸಲಿಲ್ಲವಾ? ಬೇರೆ ಬೀದಿಗಳಿವೆ.

ಅಧಿಕಾರ, ಮೂಢನಂಬಿಕೆ, ಕೋವಿ, ಕೆಸರು ಇಷ್ಟವಾದರೆ ಸಿಗ್ಮಾರ್ ಕಟ್ಟಿದ ಸಾಮ್ರಾಜ್ಯ. ಹದಿನಾರನೇ ಶತಮಾನದ ಜರ್ಮನಿಯ ಹಾಗೆ ಕಾಣುತ್ತೆ. ಮೇಲೆ ಚಕ್ರವರ್ತಿ, ಕೆಳಗೆ ಪರಸ್ಪರ ಕಾಲೆಳೆಯುವ ಪ್ರಾಂತಾಧಿಪತಿಗಳು.

ನಗು ಬೇಕಾದರೆ ಸ್ಕೇವನ್‌ಗಳು. ಪಟ್ಟಣಗಳ ಚರಂಡಿಯ ಕೆಳಗೆ ಸಾಮ್ರಾಜ್ಯವನ್ನೇ ಕಟ್ಟಿರುವ ಇಲಿ ಮನುಷ್ಯರು. ಒಬ್ಬರ ಬೆನ್ನಿಗೆ ಇನ್ನೊಬ್ಬರು ಚೂರಿ ಹಾಕುವುದೇ ಅವರ ಬಡ್ತಿಯ ಕ್ರಮ. ಮೇಲಿನ ದೊಡ್ಡವರು ‘ಅಂಥ ಇಲಿಗಳು ಇಲ್ಲವೇ ಇಲ್ಲ’ ಅಂತ ಸಾಧಿಸುತ್ತಾರೆ. ಯಾವುದೋ ಮೀಟಿಂಗ್ ನೆನಪಾದರೆ ನಾನು ಹೊಣೆ ಅಲ್ಲ.

ದುಃಖ ಬೇಕಾದರೆ ಟೂಂಬ್ ಕಿಂಗ್ಸ್. ಮರುಭೂಮಿಯ ರಾಜರು, ಪ್ರಾಚೀನ ಈಜಿಪ್ಟಿನ ನೆರಳು. ಸತ್ತಮೇಲೆ ಚಿನ್ನದ ಮೈ ಪಡೆದು ಎಂದೆಂದೂ ಆಳುತ್ತೀರಿ ಅಂತ ಪುರೋಹಿತರು ಮಾತು ಕೊಟ್ಟಿದ್ದರು. ಸಾವಿರಾರು ವರ್ಷದ ಮೇಲೆ ಎದ್ದು ನೋಡಿದರೆ ಮೈಮೇಲೆ ಒಣಗಿದ ಬಟ್ಟೆ ಸುತ್ತಿದ ಎಲುಬು, ಎದುರಿಗೆ ಪಾಳುಬಿದ್ದ ಪಟ್ಟಣ.

ಒಂದನ್ನು ಆರಿಸಿ. ಒಂದು ತಿಂಗಳು ಅದನ್ನು ಬಿಟ್ಟು ಬೇರೆ ಕಡೆ ಹೋಗಬೇಡಿ. ಶತ್ರುಗಳ ಹೆಸರು ತಾವಾಗಿಯೇ ಬಾಯಿಗೆ ಬರುತ್ತವೆ.

ಓದಲು ಒಂದು ಪುಸ್ತಕ, ಆಡಲು ಒಂದು ಆಟ

ಪುಸ್ತಕ ಒಂದೇ ಹೇಳಿ ಅಂದರೆ ವಿಲಿಯಂ ಕಿಂಗ್ ಬರೆದ ‘ಟ್ರೋಲ್‌ಸ್ಲೇಯರ್’. ಬಿಡಿ ಬಿಡಿ ಸಾಹಸಗಳು, ಒಂದು ರಾತ್ರಿಗೆ ಒಂದು ಮುಗಿಯುತ್ತೆ. ಇದರ ನಾಯಕ ಇನ್ನೊಬ್ಬ ಗೋಟ್ರೆಕ್, ಗೋಟ್ರೆಕ್ ಗುರ್ನಿಸನ್. ಯಾವುದೋ ಅವಮಾನ ತಾಳಲಾರದೆ, ಯುದ್ಧದಲ್ಲೇ ಸಾಯುತ್ತೇನೆ ಅಂತ ಶಪಥ ಮಾಡಿ, ತಲೆ ಬೋಳಿಸಿ ನಡುವೆ ಕಿತ್ತಳೆ ಬಣ್ಣದ ಜುಟ್ಟು ಬಿಟ್ಟಿರುವ ಕುಳ್ಳ. ಅವನ ಜೊತೆ ಫೆಲಿಕ್ಸ್ ಅನ್ನೋ ಕವಿ. ಕುಡಿದ ಅಮಲಿನಲ್ಲಿ ‘ನಿನ್ನ ಸಾವನ್ನು ನಾನು ಕಾವ್ಯ ಮಾಡ್ತೀನಿ’ ಅಂತ ಮಾತು ಕೊಟ್ಟು ಸಿಕ್ಕಿಹಾಕಿಕೊಂಡವನು. ತೊಂದರೆ ಏನಪ್ಪಾ ಅಂದರೆ, ಗೋಟ್ರೆಕ್ ಎಷ್ಟು ಚೆನ್ನಾಗಿ ಹೊಡೆದಾಡ್ತಾನೆ ಅಂದರೆ ಸಾಯೋದೇ ಇಲ್ಲ. ಕವಿ ಮಾತ್ರ ಹಿಂದೆ ಹಿಂದೆ ಅಲೆಯುತ್ತಾನೆ.

ಓದುವ ವ್ಯವಧಾನ ಇಲ್ಲದಿದ್ದರೆ ‘ಟೋಟಲ್ ವಾರ್: ವಾರ್‌ಹ್ಯಾಮರ್’ ಕಂಪ್ಯೂಟರ್ ಆಟಗಳಿವೆ. ಮೊದಲನೆಯದು 2016ರದು, ಮೂರನೆಯದು 2022ರದು. ನಕ್ಷೆ ಎದುರಿಗೇ ಇರುವುದರಿಂದ ಯಾರು ಯಾರ ಪಕ್ಕದವರು ಅನ್ನೋದು ಆಡುತ್ತಾ ಆಡುತ್ತಾ ತಲೆಗೆ ಹೋಗುತ್ತೆ.

ಗೊಂಬೆಗಳು? ನಿಧಾನ. ದುಬಾರಿ, ಜೊತೆಗೆ ಅಂಟಿಸಿ ಬಣ್ಣ ಹಚ್ಚಲು ವಾರಗಟ್ಟಲೆ ಬೇಕು. ಕಥೆ ಹಿಡಿಸಿದೆ ಅಂತ ಖಾತ್ರಿ ಆದಮೇಲೆ ಒಂದೇ ಒಂದು ಗೊಂಬೆ ತನ್ನಿ, ಇಡೀ ಸೈನ್ಯ ಅಲ್ಲ. ಮೊದಲ ಸಂಬಳದ ಉತ್ಸಾಹದಲ್ಲಿ ತಂದ ಡಬ್ಬಿಗಳು ಬೀರುವಿನ ಮೇಲೆ ಧೂಳು ಹಿಡಿಯೋದನ್ನು ನೋಡಿದ್ದೀನಿ.

ಲೋಕ ಮುಗಿದ ವರ್ಷ

ಕೊನೆಗೆ ಒಂದು ಮಾತು, ಇದನ್ನು ಹೊಸಬರಿಗೆ ಯಾರೂ ಮೊದಲೇ ಹೇಳಲ್ಲ. ನೀವು ಈಗ ಕಾಲಿಡುತ್ತಿರುವ ಈ ಲೋಕವನ್ನು ಕಂಪನಿ ಒಮ್ಮೆ ಕೊಂದುಹಾಕಿತ್ತು.

2014–15ರಲ್ಲಿ ‘ದಿ ಎಂಡ್ ಟೈಮ್ಸ್’ ಅನ್ನೋ ಪುಸ್ತಕ ಸರಣಿ ಬಂತು. ಒಬ್ಬೊಬ್ಬರಾಗಿ ರಾಜರು ಸತ್ತರು, ಪಟ್ಟಣಗಳು ಬಿದ್ದವು, ಕೊನೆಗೆ ಇಡೀ ಲೋಕವೇ ಚೂರಾಯಿತು. ಅದರ ಜಾಗದಲ್ಲಿ ಏಜ್ ಆಫ್ ಸಿಗ್ಮಾರ್ ಬಂತು. ಮೂವತ್ತು ವರ್ಷ ಆಡಿದವರಿದ್ದರು. ಹುಡುಗರಾಗಿದ್ದಾಗ ಬಣ್ಣ ಹಚ್ಚಿದ ಗೊಂಬೆಗಳನ್ನು ಮಕ್ಕಳ ಕೈಗೆ ಕೊಟ್ಟವರಿದ್ದರು. ಒಬ್ಬ ಆಟಗಾರ ತನ್ನ ಸೈನ್ಯಕ್ಕೇ ಬೆಂಕಿ ಇಟ್ಟು ವಿಡಿಯೊ ಹಾಕಿದ. ನಾನು ಮೊದಲು ಅದನ್ನು ನೋಡಿ ನಕ್ಕಿದ್ದೆ. ಗೊಂಬೆಗೆ ಇಷ್ಟೊಂದಾ ಅಂತ. ಗಡ್ಡದ ಕಥೆ ಮನಸ್ಸಿಗೆ ಹತ್ತಿದಮೇಲೆ ನಗು ಬರಲಿಲ್ಲ. ಪ್ರೀತಿ ನಿಮ್ಮದು, ಆಸ್ತಿಪತ್ರ ಇನ್ನೊಬ್ಬರ ಹೆಸರಿನಲ್ಲಿ. ಅದರ ನೋವು ಬಾಡಿಗೆ ಮನೆಯಲ್ಲಿ ಗಿಡ ಬೆಳೆಸಿದವರಿಗೆ ಗೊತ್ತು.

ಆದರೆ ಆಮೇಲೆ ಆದದ್ದನ್ನೂ ನೋಡಿ. ಜನ ಬಿಡಲಿಲ್ಲ. ಹಳೆಯ ನಿಯಮಗಳನ್ನೇ ತಿದ್ದಿ ತಮ್ಮ ಪಾಡಿಗೆ ಆಡುತ್ತಾ ಹೋದರು. ಕಂಪ್ಯೂಟರ್ ಆಟದಿಂದ ಹೊಸಬರು ಬಂದರು. 2024ರ ಜನವರಿಯಲ್ಲಿ ಕಂಪನಿಯೇ ‘ದಿ ಓಲ್ಡ್ ವರ್ಲ್ಡ್’ ಹೆಸರಿನಲ್ಲಿ ಆ ಆಟವನ್ನು ವಾಪಸ್ ತಂತು, ಕಥೆಯ ಕಾಲವನ್ನು ಸುಮಾರು ಎರಡು ಶತಮಾನ ಹಿಂದಕ್ಕೆ ಸರಿಸಿ.

ಅದಕ್ಕೇ ಹೇಳಿದ್ದು, ಪೂರ್ತಿ ತಿಳಿದುಕೊಳ್ಳುವ ಹಟ ಬೇಡ. ಪೂರ್ತಿ ಅನ್ನೋದು ಯಾರ ಕೈಯಲ್ಲೂ ಇಲ್ಲ, ಬರೆದವರೇ ಅಳಿಸಬಹುದು. ನೀವು ಮನಸಿಟ್ಟು ಓದಿದ ಒಂದು ಬೀದಿ, ಒಂದು ಹಗೆ, ಒಬ್ಬ ಕುಳ್ಳ, ಇಷ್ಟು ಮಾತ್ರ ನಿಮ್ಮದು. ಅದನ್ನು ಅಳಿಸಲು ಆಗಲ್ಲ.

ಅಂದಹಾಗೆ, ಆ ಪ್ರಳಯದಲ್ಲೂ ಸಾಯದೆ ಉಳಿದವನು ಯಾರು ಗೊತ್ತಾ? ಗೋಟ್ರೆಕ್. ಸಾಯಲೆಂದೇ ಹೊರಟವನು ಹೊಸ ಲೋಕಕ್ಕೆ ಬಂದು ಬಿದ್ದ. ಅವನಿಗೆ ಗೊತ್ತಿದ್ದ ಬೆಟ್ಟವಿಲ್ಲ, ಪಟ್ಟಣವಿಲ್ಲ, ಪಕ್ಕದಲ್ಲಿ ಫೆಲಿಕ್ಸ್ ಇಲ್ಲ. ಅವನ ಕಥೆ ಹೇಳಲು ಈಗ ಬೇರೆಯವರು ಬೇಕು.

ಇವತ್ತು ರಾತ್ರಿ ಅರ್ಧ ಗಂಟೆ ಇದೆಯಲ್ಲ? ಪಟ್ಟಿ ಮುಚ್ಚಿಡಿ, ಒಂದು ಗಡ್ಡ ಹಿಡಿಯಿರಿ.