ಪೋರ್ಚುಗಲ್‌ಗೆ ಕೊಟ್ಟ ಮಾತು

1993ರ ಮಾರ್ಚ್ 12ರಂದು ಮುಂಬೈನಲ್ಲಿ ಸಾಲುಸಾಲಾಗಿ ಬಾಂಬ್ ಸಿಡಿದು 257 ಜನ ಸತ್ತರು. ಆ ಆರ್‌ಡಿಎಕ್ಸ್ ಬಂದ ದಾರಿ ಯಾವ್ದು ಗೊತ್ತಾ? ರಾಯಗಡ ಜಿಲ್ಲೆಯ ಶೇಖಾಡಿ ಕಡಲತೀರ. ಬೆಳ್ಳಿ, ಬಂಗಾರ ಕದ್ದು ಇಳಿಸುತ್ತಿದ್ದವರದೇ ಜಾಲ, ಲಂಚ ತಿಂದು ಕಣ್ಣು ಮುಚ್ಚಿಕೊಂಡ ಕಸ್ಟಮ್ಸ್‌ನವರು. ಸ್ಮಗ್ಲಿಂಗ್ ಅಂದ್ರೆ ಬರೀ ಟ್ಯಾಕ್ಸ್ ತಪ್ಪಿಸೋದು ಅಂದ್ಕೊಂಡವರು ಸ್ವಲ್ಪ ಯೋಚಿಸಿ.

ಈ ಕೇಸಲ್ಲಿ ಶಸ್ತ್ರ ಸಾಗಿಸಿದ ಗ್ಯಾಂಗ್‌ಸ್ಟರ್ ಅಬು ಸಲೇಂ ಸಿಕ್ಕಿಬಿದ್ದಿದ್ದು ಪೋರ್ಚುಗಲ್‌ನಲ್ಲಿ. ಗಲ್ಲು ಶಿಕ್ಷೆ ಇಲ್ಲ, 25 ವರ್ಷಕ್ಕಿಂತ ಹೆಚ್ಚು ಜೈಲೂ ಇಲ್ಲ ಅಂತ ಭಾರತ ಮಾತು ಕೊಟ್ಟ ಮೇಲೆ, 2005ರಲ್ಲಿ ಅವನನ್ನು ಒಪ್ಪಿಸಿದರು. 2017ರಲ್ಲಿ ಟಾಡಾ ಕೋರ್ಟು ಜೀವಾವಧಿ ವಿಧಿಸಿತು. ಆದರೆ ಸರ್ಕಾರ ಕೊಟ್ಟ ಮಾತಿಗೆ ಬದ್ಧ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಸತ್ತವರ ಮನೆಯವರಿಗೆ ಹೊಟ್ಟೆ ಉರಿಯುತ್ತೆ, ನಿಜ. ಆದ್ರೂ ಕೋರ್ಟು ಹೇಳಿದ್ದೇ ಸರಿ ಅಂತೀನಿ. ಭಯೋತ್ಪಾದನೆ ವಿರುದ್ಧ ಸಮಗ್ರ ಒಪ್ಪಂದ ಬೇಕು ಅಂತ 1996ರಲ್ಲೇ ಭಾರತ ವಿಶ್ವಸಂಸ್ಥೆಯಲ್ಲಿ ಕರಡು ಮುಂದಿಟ್ಟಿತ್ತು. ಭಯೋತ್ಪಾದನೆ ಅಂದ್ರೇನು ಅನ್ನೋ ವ್ಯಾಖ್ಯೆಯಲ್ಲೇ ಅದು ಸಿಕ್ಕಿಹಾಕ್ಕೊಂಡಿತು. ಹಾಗಿರುವಾಗ ನಮ್ಮ ಕೈಲಿರೋದು ದೇಶದೇಶಗಳ ನಡುವಿನ ಇಂಥ ಮಾತುಗಳೇ. ಪೋರ್ಚುಗಲ್‌ಗೇ ಕೈ ಕೊಟ್ರೆ ನಾಳೆ ಇನ್ನೊಂದು ದೇಶ ನಮ್ಮನ್ನು ಯಾಕೆ ನಂಬ್ಬೇಕು? ಇದೇ ಕೇಸಿನ ದಾವೂದ್ ಇಬ್ರಾಹಿಂ ಅಂತೂ ಇನ್ನೂ ಸಿಕ್ಕಿಲ್ಲ.